ಭಾವನ ಏರ್‌ಗನ್ನು, ಒಂದು ರೂಪಾಯಿ ತೂತು

ಕಾರವಾರದಲ್ಲಿ ನನ್ನದೊಂದು ಫೋಟೊ ಸ್ಟುಡಿಯೋ. ಮದುವೆ, ಉಪನಯನ, ಪಾಸ್‌ಪೋರ್ಟ್ ಫೋಟೊ, ಇಷ್ಟೇ ನನ್ನ ಲೋಕ. ಆದರೆ ನೆಂಟರ ಪಾಲಿಗೆ ಗಾಜಿರುವ ಯಾವ ಸಾಮಾನು ಕೆಟ್ಟರೂ ನಾನೇ ಡಾಕ್ಟರು. ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಶಿರಸಿ ಕಡೆಯ ಅಕ್ಕನ ಮನೆಗೆ ಹೋಗಿದ್ದೆ. ಆಸರಿಗೆ ಕುಡಿದು ಮುಗಿಯುವ ಮೊದಲೇ ಭಾವ ಒಂದು ಏರ್‌ಗನ್ ತಂದು ಜಗಲಿ ಮೇಲಿಟ್ಟರು. ಅದರ ಬೆನ್ನ ಮೇಲೆ ಕರಿ ಕೊಳವೆಯಂಥ ಸ್ಕೋಪು, ಗುರಿ ನೋಡುವ ದುರ್ಬೀನು.

"ಹೊಗೆ ಹಿಡಿದ ಹಾಂಗೆ ಕಾಣ್ತು ಮಾರಾಯ. ದುಡ್ಡು ನೀರಿಗೆ ಹೋತು," ಎಂದರು.

ಆ ಮನೆಯಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿಯೂ ಇದೆ, ಭಾವನ ಅಪ್ಪನ ಕಾಲದ್ದು. ಚುನಾವಣೆ ಬಂದಾಗೆಲ್ಲ ಅದು ಪೊಲೀಸ್ ಠಾಣೆಗೆ ಹೋಗಿ ಕೂತು ಬರುತ್ತದೆ. ಅದಕ್ಕೆ ಸ್ಕೋಪೂ ಇಲ್ಲ, ಗೀಪೂ ಇಲ್ಲ. ತೋಟಕ್ಕೆ ಮಂಗ ಬಂದರೆ ಬೆದರಿಸಲು ಆಕಾಶಕ್ಕೊಂದು ಈಡು, ಅಷ್ಟೇ. 1972ರ ವನ್ಯಜೀವಿ ರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಉಳಿದಿರುವುದು ಅಜ್ಜಂದಿರ ಕತೆಯಲ್ಲಿ. ಅಲ್ಲೇ ಇರಲಿ ಬಿಡಿ. ಏರ್‌ಗನ್ ಇರುವುದು ಅಕ್ಕನ ಮಗನ ಗುರಿ ಅಭ್ಯಾಸಕ್ಕೆ. ಮನೆ ಹಿಂದಿನ ಧರೆಗೆ, ಅಂದರೆ ಗೋಡೆಯಂಥ ಮಣ್ಣಿನ ದಿಬ್ಬಕ್ಕೆ, ರಟ್ಟು ಚುಚ್ಚಿ, ಮೇಲೆ ಕಾಗದ ಅಂಟಿಸಿ, ಅಂಗಳದ ತುದಿಯಿಂದ ಹೊಡೆಯುತ್ತಾನೆ. ಇಪ್ಪತ್ತು-ಇಪ್ಪತ್ತೈದು ಮೀಟರ್ ದೂರ. ಸ್ಕೋಪ್ ಅವನೇ ಆನ್‌ಲೈನ್‌ನಲ್ಲಿ ತರಿಸಿದ್ದು. ಮೇಲೆ 3-9x40 ಎಂದು ಬರೆದಿತ್ತು. ಮೂರು ಪಟ್ಟಿನಿಂದ ಒಂಬತ್ತು ಪಟ್ಟಿನವರೆಗೆ ಹಿಗ್ಗಿಸಿ ತೋರಿಸುತ್ತದೆ, ಮುಂದಿನ ಗಾಜು 40 ಮಿಲಿಮೀಟರ್ ಅಗಲ ಎಂದು ಅರ್ಥ. ಹೊರದೇಶದಲ್ಲಿ ಜಿಂಕೆ ಬೇಟೆಯವರು ಹೆಚ್ಚಾಗಿ ಇಟ್ಟುಕೊಳ್ಳುವ ಅಳತೆ ಇದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಳಿಗೆ ಮಡಚಿ, ಒಳಗೆ ಏನೂ ಇಲ್ಲ ಎಂದು ನೋಡಿಕೊಂಡೆ. ಅಂಗಳದ ತುದಿಯಲ್ಲಿ ಸ್ಟೂಲು ಹಾಕಿ, ಮರಳು ತುಂಬಿದ ಚೀಲದ ಮೇಲೆ ಬಂದೂಕು ಮಲಗಿಸಿದೆವು. ಭಾವ ಪಂಚೆ ಚುಂಗಿನಿಂದ ಗಾಜು ಒರೆಸಲು ಬಂದರು. ಕೈ ಹಿಡಿದು ನಿಲ್ಲಿಸಿದೆ. ಗಾಜಿನ ಮೇಲೆ ನೇರಳೆ ಬಣ್ಣಕ್ಕೆ ಹೊಳೆಯುವ ತೆಳು ಲೇಪ ಇರುತ್ತದೆ. ಧೂಳಿನ ಸಮೇತ ಉಜ್ಜಿದರೆ ಅದು ಗೀರಿ ಹೋಗುತ್ತದೆ. ಮೊದಲು ಗಾಳಿ ಊದಬೇಕು, ಆಮೇಲೆ ಬ್ರಷ್ಷು, ಕೊನೆಗೆ ಮೆತ್ತನೆ ಬಟ್ಟೆ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಶತ್ರು ಬೂಸ್ಟು. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಲೆನ್ಸ್ ಇಟ್ಟರೆ ದಸರೆ ಹೊತ್ತಿಗೆ ಗಾಜಿನ ಮೇಲೆ ಜೇಡರ ಬಲೆ ಹಬ್ಬಿರುತ್ತದೆ. ನನ್ನ ಸ್ಟುಡಿಯೋದಲ್ಲಿ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ ಇಲ್ಲದಿದ್ದರೆ ನಾನು ಯಾವತ್ತೋ ಬೀಗ ಹಾಕಬೇಕಿತ್ತು. ಟಾರ್ಚ್ ಬಿಟ್ಟು ನೋಡಿದೆ. ಈ ಸ್ಕೋಪಿನಲ್ಲಿ ಬೂಸ್ಟು ಇರಲಿಲ್ಲ. ಗಾಜು ಚೆನ್ನಾಗೇ ಇತ್ತು.

ಹಾಗಾದರೆ ಮಸುಕು ಎಲ್ಲಿಂದ? ಮಸುಕು ಅನ್ನುವವರನ್ನು ಮೊದಲು ಕೇಳಬೇಕಾದ್ದು, ಯಾವುದು ಮಸುಕು ಅಂತ. ಗುರಿ ಹಿಡಿಯಲು ಸ್ಕೋಪಿನೊಳಗೆ ಅಡ್ಡ-ಉದ್ದ ಎಳೆದಿರುವ ಕೂಡುಗೆರೆಯೋ, ದೂರದ ಗುರಿಯೋ? ಭಾವನಿಗೆ ಎರಡೂ ಮಸುಕಾಗಿತ್ತು. ಎರಡಕ್ಕೂ ಕಾರಣ ಬೇರೆ ಬೇರೆ.

ಕೂಡುಗೆರೆ ಸ್ಪಷ್ಟವಾಗುವುದು ಕಣ್ಣಿನ ಕಡೆಯ ರಿಂಗಿನಿಂದ. ಅದನ್ನು ಎಲ್ಲರೂ ಗುರಿ ನೋಡುತ್ತಾ ತಿರುಗಿಸುತ್ತಾರೆ. ಹಾಗೆ ಮಾಡಬಾರದು. ಖಾಲಿ ಆಕಾಶವನ್ನೋ ಸುಣ್ಣದ ಗೋಡೆಯನ್ನೋ ನೋಡಬೇಕು. ಸೂರ್ಯನ ಕಡೆಗಂತೂ ಮುಖ ಮಾಡಲೇಬಾರದು, ಕಣ್ಣು ಸುಟ್ಟೇ ಹೋಗುತ್ತದೆ. ಇನ್ನೊಂದು, ದಿಟ್ಟಿಸಿ ನೋಡಬಾರದು. ದಿಟ್ಟಿಸಿದರೆ ಕಣ್ಣು ತಾನೇ ಹೊಂದಿಕೊಂಡು 'ಸರಿ ಇದೆ' ಅಂತ ಸುಳ್ಳು ಹೇಳುತ್ತದೆ. ಹತ್ತು ನಿಮಿಷ ಕಳೆದ ಮೇಲೆ ತಲೆನೋವು. ತೋಟದ ಹಸಿರು ನೋಡುತ್ತಿದ್ದು, ಪಕ್ಕನೆ ಸ್ಕೋಪಿನೊಳಗೆ ಇಣುಕಬೇಕು. ಇಣುಕಿದ ಕೂಡಲೇ ಗೆರೆ ಕಪ್ಪಗೆ, ಚೂಪಾಗಿ ಕಾಣಬೇಕು. ಕಾಣಲಿಲ್ಲವಾ, ಕಣ್ಣು ತೆಗೆದು, ರಿಂಗು ತುಸು ತಿರುಗಿಸಿ, ಮತ್ತೆ ಇಣುಕಬೇಕು.

ಭಾವ ಇಣುಕಿದರು. ಒಮ್ಮೆ ಕಾಣುತ್ತದೆ, ಮರುಕ್ಷಣ ಮಸುಕು. ಪಕ್ಕದಲ್ಲಿ ನಿಂತು ಅವರ ಮುಖ ನೋಡಿದ ಮೇಲೆ ಗೊತ್ತಾಯಿತು. ಅವರದು ಮೇಲೆ ದೂರಕ್ಕೆ, ಕೆಳಗೆ ಓದಲಿಕ್ಕೆ ಇರುವ ಪ್ರೋಗ್ರೆಸಿವ್ ಕನ್ನಡಕ. ಪೇಪರ್ ಓದುವ ಚಾಳಿಯಲ್ಲಿ ಗದ್ದ ಮೇಲೆತ್ತುತ್ತಿದ್ದರು. ಆಗ ಕಣ್ಣು ಓದುವ ಗಾಜಿನಿಂದ ನೋಡುತ್ತದೆ. ಗದ್ದ ಇಳಿಸಿದರೆ ದೂರದ ಗಾಜು. ತಲೆ ಆಡಿದ ಹಾಗೆಲ್ಲ ಪವರೇ ಬದಲಾದರೆ ಸ್ಕೋಪ್ ಪಾಪ ಏನು ಮಾಡೀತು? ಅವರ ಹಳೇ ದೂರದ ಕನ್ನಡಕ ಕಪಾಟಿನಲ್ಲಿತ್ತು. ಅಕ್ಕ ಹುಡುಕಿ ತಂದುಕೊಟ್ಟಳು. ಅಲ್ಲಿಗೆ ಗೆರೆ ನಿಂತಿತು.

"ಈಗ ಸುತ್ತಲೂ ಕಪ್ಪು ಬತ್ತು," ಎಂದರು ಭಾವ.

ಇದಕ್ಕೆ ಒಂದು ಬಿಳಿ ಕಾಗದ ತರಿಸಿದೆ. ಸ್ಕೋಪಿನ ಹಿಂದೆ ಹಿಡಿದು ಹಿಂದೆ ಮುಂದೆ ಮಾಡಿದರೆ ಅದರ ಮೇಲೆ ಬೆಳಕಿನ ಪುಟ್ಟ ಚಕ್ರ ಬೀಳುತ್ತದೆ. ಅದು ಅತಿ ಚೂಪಾಗಿ ಕಾಣುವ ಜಾಗ, ಗಾಜಿನಿಂದ ಮೂರು ಮೂರೂವರೆ ಇಂಚು ಹಿಂದೆ. ಕಣ್ಣು ಇರಬೇಕಾದ್ದು ಸರಿಯಾಗಿ ಅಲ್ಲಿ. ಹತ್ತಿರ ಹೋದರೂ ದೂರ ಹೋದರೂ ಸುತ್ತ ಕಪ್ಪು ಬಳೆ. ಪಕ್ಕಕ್ಕೆ ಸರಿದರೆ ಒಂದು ಬದಿಗೆ ಕಪ್ಪು ಚಂದ್ರ. ಚಕ್ರದ ಅಗಲಕ್ಕೆ ಲೆಕ್ಕ ಸುಲಭ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಸಾಕು. ನಾಲ್ಕು ಪಟ್ಟಿಗೆ ಇಟ್ಟರೆ 10 ಮಿಲಿಮೀಟರ್, ಒಂಬತ್ತಕ್ಕೆ ಇಟ್ಟರೆ 4.4 ಮಾತ್ರ. ಭಾವ ಇಟ್ಟಿದ್ದು ಒಂಬತ್ತಕ್ಕೆ. ಜಾಸ್ತಿ ದುಡ್ಡು ಕೊಟ್ಟಿದ್ದೇವೆ, ಜಾಸ್ತಿ ದೊಡ್ಡದಾಗಿ ನೋಡೋಣ ಎಂಬ ಲೆಕ್ಕ! ಕ್ಯಾಮೆರಾ ಕೊಂಡವರೂ ಝೂಮನ್ನು ಹಾಗೇ ತುದಿಗೆ ತಿರುಗಿಸಿಟ್ಟು ಫೋಟೊ ಕೆಟ್ಟಿತು ಎಂದು ಬರುತ್ತಾರೆ. ಕಣ್ಣು ಮುಚ್ಚಿ ಹಾಯಾಗಿ ಕೆನ್ನೆ ಇಟ್ಟು, ಆಮೇಲೆ ಕಣ್ಣು ಬಿಡಲು ಹೇಳಿದೆ. ಸ್ಕೋಪ್ ತೀರಾ ಹಿಂದೆ ಕೂತಿತ್ತು. ಅಕ್ಕನ ಮಗ ಅಲೆನ್ ಕೀ ತಂದು ಸಡಿಲಿಸಿ ಒಂದು ಬೆರಳಗಲ ಮುಂದೆ ತಳ್ಳಿದ. ಕಪ್ಪು ಹೋಯಿತು.

ಈಗ ಉಳಿದದ್ದು ಗುರಿಯ ಮಸುಕು. ನಾಲ್ಕು ಪಟ್ಟಿನಲ್ಲಿ ಪರವಾಗಿಲ್ಲ. ಒಂಬತ್ತಕ್ಕೆ ಹೋದರೆ ಕಾಗದದ ಮೇಲಿನ ಉಂಗುರಗಳೆಲ್ಲ ಕರಗಿದ ಹಾಗೆ. ಅಷ್ಟೇ ಅಲ್ಲ, ಬಂದೂಕು ಅಲ್ಲಾಡದಿದ್ದರೂ ಕಣ್ಣನ್ನು ತುಸು ಆಚೀಚೆ ಮಾಡಿದರೆ ಕೂಡುಗೆರೆ ಗುರಿಯ ಮೇಲೆ ತೆವಳುತ್ತಿತ್ತು. ಪ್ಯಾರಲಾಕ್ಸ್ ಅನ್ನುವುದು ಇದಕ್ಕೇ. ಬೇಟೆಯ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜಕ್ಕೆ, ಅಂದರೆ ಸುಮಾರು 91 ಮೀಟರಿಗೆ, ಹೊಂದಿಸಿ ಕಳಿಸುತ್ತಾರೆ. ಆ ದೂರದ ಚಿತ್ರ ಸರಿಯಾಗಿ ಕೂಡುಗೆರೆ ಇರುವ ಜಾಗದಲ್ಲೇ ಬೀಳುತ್ತದೆ. ನಮ್ಮ ಧರೆ ಅದರ ಕಾಲು ಭಾಗ ದೂರದಲ್ಲಿ. ಚಿತ್ರ ಬೇರೆ ಕಡೆ, ಗೆರೆ ಬೇರೆ ಕಡೆ. ಸ್ಕೋಪಿನದು ತಪ್ಪೇ ಅಲ್ಲ, ಅದು ಜಿಂಕೆಗೆ ಕಾಯುತ್ತಿದೆ, ನಾವು ಅಂಗಳದಲ್ಲಿ ರಟ್ಟು ಹಿಡಿದು ನಿಂತಿದ್ದೇವೆ. ಏರ್‌ಗನ್‌ಗೆಂದೇ ಮಾಡಿದ ಸ್ಕೋಪಿನಲ್ಲಿ ಹೆಚ್ಚಾಗಿ ಮುಂದಿನ ಗಾಜಿನ ಕಡೆ ತಿರುಗಿಸುವ ಇನ್ನೊಂದು ರಿಂಗು ಇರುತ್ತದೆ, ಹತ್ತು ಗಜದ ಹತ್ತಿರಕ್ಕೂ ಹೊಂದಿಸಬಹುದು. ಇದರಲ್ಲಿ ಅದಿಲ್ಲ. ಮೇಲಾಗಿ ಸ್ಪ್ರಿಂಗಿನ ಏರ್‌ಗನ್ ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಒದೆಯುತ್ತದೆ. ಮಾಮೂಲಿ ಸ್ಕೋಪುಗಳ ಒಳಭಾಗ ಆ ಮುಂದಿನ ಒದೆತಕ್ಕೇ ಸಡಿಲಾಗುವುದು ಹೆಚ್ಚು. ಮಾರುವವರು ಇದನ್ನೆಲ್ಲ ಹೇಳುವುದಿಲ್ಲ.

ವಾಪಸ್ ಕಳಿಸುವ ದಿನ ಮುಗಿದಿತ್ತು. ಆಗ ಕಸುಬಿನ ಬುದ್ಧಿ ನೆನಪಾಯಿತು. ಮದುವೆ ಮನೆಯಲ್ಲಿ ಮೂರು ಸಾಲು ನೆಂಟರ ಗುಂಪು ಫೋಟೊ ತೆಗೆಯುವಾಗ ಎಲ್ಲರ ಮುಖವೂ ಸ್ಪಷ್ಟ ಬರಬೇಕೆಂದರೆ ಲೆನ್ಸಿನ ಬಾಯಿ ಕಿರಿದು ಮಾಡುತ್ತೇವೆ. ಇಲ್ಲೂ ಅದೇ ಮಾಡಿದರಾಯಿತು. ಕ್ಯಾಮೆರಾ ಬ್ಯಾಗಿನಲ್ಲಿ ಆಲ್ಬಮ್ಮಿನ ಕರಿ ರಟ್ಟು ಇತ್ತು. ಸ್ಕೋಪಿನ ಮುಂದಿನ ಬಾಯಿಗೆ ಬಿಗಿಯಾಗಿ ಕೂರುವಂತೆ ಬಿಲ್ಲೆ ಕತ್ತರಿಸಿ, ನಡುವೆ ಒಂದು ರೂಪಾಯಿ ನಾಣ್ಯ ಇಟ್ಟು ಗೆರೆ ಎಳೆದು ತೂತು ಮಾಡಿದೆ. ಸುಮಾರು ಎರಡು ಸೆಂಟಿಮೀಟರ್. ತೂತು ಸರಿಯಾಗಿ ನಡುವೆ ಇರಬೇಕು, ಅಂಚು ಪಿಸುರಾಗಿರಬಾರದು. ಅಡಿಕೆ ಸುಲಿಯುವ ಕತ್ತಿ ಬೇಡವೆಂದು ಬ್ಲೇಡು ಕೇಳಿ ತಗೊಂಡೆ.

ನಾಲ್ಕು ಪಟ್ಟಿಗೆ ಇಟ್ಟು ರಟ್ಟು ತೂರಿಸಿ ನೋಡಿದರೆ, ಉಂಗುರಗಳು ಒಂದೊಂದೂ ಬಿಡಿಬಿಡಿಯಾಗಿ ಕಂಡವು. ಆರಕ್ಕೆ ಏರಿಸಿದರೂ ತಡೆಯಿತು. ಗೆರೆ ತೆವಳುವುದೂ ಬಹಳ ಕಡಿಮೆಯಾಯಿತು, ಯಾಕೆಂದರೆ ಕಣ್ಣಿಗೆ ಆಚೀಚೆ ಹೋಗಲು ಈಗ ಜಾಗವೇ ಇಲ್ಲ. ಇದಕ್ಕೆ ಬೆಲೆ ಬೆಳಕು. ಬೆಳಕಿನ ಚಕ್ರ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಬಿಸಿಲಿರುವಾಗ ಮಾತ್ರ ಚಂದ. ತೋಟದ ಮೇಲಿಂದ ಬಿಸಿಲು ಜಾರಿದ ಮೇಲೆ ರಟ್ಟು ಕಿತ್ತು ಮೂರು ಪಟ್ಟಿಗೆ ಇಳಿಸಬೇಕು. ಶಿರಸಿಯ ಇಬ್ಬನಿ ಬೆಳಿಗ್ಗೆಗಳಲ್ಲಿ ಉಸಿರು ತಾಗಿ ಕಣ್ಣಿನ ಕಡೆಯ ಗಾಜು ಮಂಜಾಗುವುದು ಬೇರೆ ರಗಳೆ. ಬಾಯಿ ಬಿಗಿ ಹಿಡಿದು ಮೂಗಿನಲ್ಲಿ ಕೆಳಕ್ಕೆ ಉಸಿರು ಬಿಟ್ಟರೆ ತಕ್ಕಮಟ್ಟಿಗೆ ನಡೆಯುತ್ತದೆ.

ಅಕ್ಕನ ಮಗ ಹೊಡೆದ. ಪೆಲೆಟ್‌ಗಳು ಗುರಿಯ ಎಡಕ್ಕೆ ಬಿದ್ದವು, ಆದರೆ ಎಲ್ಲ ಒಂದೇ ಕಡೆ, ಹೆಬ್ಬೆರಳ ಉಗುರಿನಗಲ ಜಾಗದಲ್ಲಿ. ಬಲಕ್ಕೆ ತರುವುದು ಗುರಿ ಹೊಂದಿಸಲು ಸ್ಕೋಪಿನಲ್ಲಿರುವ ತಿರುಗಣೆಯ ಕೆಲಸ, ಅದು ಅವನಿಗೇ ಗೊತ್ತು. ಭಾವನೂ ಹೊಡೆದರು. ಅವರಿಗೆ ಮತ್ತೆ ಮಸುಕು. ಮಗ ತನ್ನ ಕಣ್ಣಿಗೆ ರಿಂಗು ತಿರುಗಿಸಿಕೊಂಡಿದ್ದ, ಕನ್ನಡಕ ಇಲ್ಲದವನು.

ಗಲಾಟೆ ಕೇಳಿ ಭಾವನ ತಾಯಿ ಹೊರಗೆ ಬಂದರು. ಬಂದೂಕು ಖಾಲಿ ಮಾಡಿ ಚೀಲದ ಮೇಲೆ ಮಲಗಿಸಿ ಅವರಿಗೂ ತೋರಿಸಿದೆವು. ಅತ್ತೆಗೆ ಪೊರೆ ಆಪರೇಷನ್ ಆಗಿದೆ, ದೂರದ್ದು ಬರಿಗಣ್ಣಿಗೇ ಕಾಣುತ್ತದೆ. ರಿಂಗು ತಾವೇ ತಿರುಗಿಸಿಕೊಂಡು, "ಎಲ್ಲಾ ತೂತೂ ಎಡಕ್ಕೇ ಇದ್ದಲಾ," ಎಂದರು.

ಅಕ್ಕನ ನೇಲ್ ಪಾಲಿಶ್ ತಂದು ರಿಂಗಿನ ಮೇಲೆ ಭಾವನಿಗೊಂದು, ಮಗನಿಗೊಂದು ಚುಕ್ಕೆ ಇಟ್ಟೆವು. ತನಗೂ ಒಂದು ಇಡಬೇಕೆಂದು ಅತ್ತೆ ಪಟ್ಟು ಹಿಡಿದರು. ಇಟ್ಟೆವು.