ಅಠಹತ್ತರ್ ನಂಬರಿನ ಅರಣ್ಯ

ಇಂದೋರಿಗೆ ಹೋಗಿದ್ದು ಒಂದು ಮದುವೆಗೆ. ಮುಹೂರ್ತ ಇದ್ದದ್ದು ರಾತ್ರಿ. ಬೆಳಿಗ್ಗೆಯೆಲ್ಲ ಖಾಲಿ. ಜೊತೆಗೆ ಬಂದಿದ್ದ ಭಾವಮೈದ ಹಾಸನದ ಕಡೆ ಮನೆ ಕಟ್ಟಿಸುವ ಕಂಟ್ರಾಕ್ಟರು. ಸುಮ್ಮನೆ ಕೂರುವ ಜಾತಿಯಲ್ಲ. "ರಾಜವಾಡಾ ಅರಮನೆ ನೋಡೋಣ್ವಾ ಭಾವ?" ಅಂದ. ನಾನು "ಮೊದಲು ಅರಣ್ಯಕ್ಕೆ ಹೋಗಿ ಬರೋಣ" ಅಂದೆ.

"ಈ ಮೇ ತಿಂಗಳ ಬಿಸಿಲಲ್ಲಿ ಕಾಡಾ? ಹುಲಿ ಇದ್ಯಾ?"

ಹುಲಿ ಇಲ್ಲ, ಮನೆಗಳಿವೆ, ಅರಣ್ಯ ಅನ್ನೋದು ಒಂದು ಬಡಾವಣೆಯ ಹೆಸರು ಅಂದೆ. ಅವನ ಉತ್ಸಾಹ ಅಲ್ಲೇ ಅರ್ಧ ಇಳಿಯಿತು. ವರ್ಷವೆಲ್ಲ ಮನೆಗಳನ್ನೇ ನೋಡುವವನು, ಪಾಪ.

ದಾರಿಯಲ್ಲಿ ಅವಲಕ್ಕಿ ತಿಂದೆವು. ಇಂದೋರಿನದು ನಮ್ಮ ಒಗ್ಗರಣೆ ಅವಲಕ್ಕಿಯಂತಲ್ಲ. ಕುದಿಯುವ ನೀರಿನ ಪಾತ್ರೆಯ ಮೇಲೆ ಇಟ್ಟು ಹಬೆಯಲ್ಲೇ ಬಿಸಿಯಾಗಿ ಇಟ್ಟಿರುತ್ತಾರೆ. ಮೇಲೆ ಸೇವು, ಹಸಿ ಈರುಳ್ಳಿ, ಜೀರಾವನ್ ಅನ್ನುವ ಮಸಾಲೆ ಪುಡಿ. ಪಕ್ಕದಲ್ಲಿ ಜಿಲೇಬಿ. ಖಾರದ ಜೊತೆ ಸಿಹಿ ಯಾಕೆ ಅಂತ ಭಾವಮೈದ ಕೇಳಿದ. ಕೇಳುತ್ತಲೇ ಎರಡನೇ ಪ್ಲೇಟು ಮುಗಿಸಿದ.

ಆಟೋದವರಿಗೆ "ದೋಶಿಯವರು ಕಟ್ಟಿದ ಅರಣ್ಯ" ಅಂದರೆ ತಲೆ ಕೆರೆದುಕೊಂಡರು. ಮೂರನೆಯವರು ಮಾತ್ರ "ಅಚ್ಛಾ, ಅಠಹತ್ತರ್!" ಅಂದರು. ಸ್ಕೀಮ್ ನಂಬರ್ 78. ಇಂದೋರಿನ ಬಡಾವಣೆಗಳಿಗೆ ಹೀಗೇ ನಂಬರು. ಆಗ್ರಾ-ಬಾಂಬೆ ರಸ್ತೆಯಲ್ಲಿ ಪಲಾಸಿಯಾ ದಾಟಿ ವಿಜಯನಗರದ ಕಡೆ ಹೋದರೆ ಸಿಗುತ್ತದೆ.

ನನಗೆ ಈ ಹುಚ್ಚು ಹತ್ತಿದ್ದು ಬೆಂಗಳೂರಲ್ಲಿ. ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದಲ್ಲಿ ಆಫೀಸಿನ ಕಡೆಯಿಂದ ಒಂದು ವಾರದ ತರಬೇತಿ ಇತ್ತು. ಪಾಠ ಒಂದಕ್ಷರ ನೆನಪಿಲ್ಲ. ಕಲ್ಲಿನ ಗೋಡೆ, ಬಳ್ಳಿ ಹಬ್ಬಿದ ಉದ್ದದ ಓಣಿಗಳು, ಮೇಲಿನಿಂದ ಪಟ್ಟೆಪಟ್ಟೆಯಾಗಿ ಬೀಳುವ ಬಿಸಿಲು ಮಾತ್ರ ನೆನಪಿದೆ. ಕಟ್ಟಿದ್ದು ಯಾರು ಅಂತ ಹುಡುಕಿದಾಗ ಬಾಲಕೃಷ್ಣ ದೋಶಿ ಅನ್ನುವ ವಾಸ್ತುಶಿಲ್ಪಿ ಅಂತ ಗೊತ್ತಾಯಿತು. ಹುಟ್ಟಿದ್ದು ಪುಣೆಯಲ್ಲಿ, 1927ರಲ್ಲಿ. ಪ್ಯಾರಿಸ್ಸಿನಲ್ಲಿ ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಕೈಕೆಳಗೆ ದುಡಿದು ಬಂದವರು. 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು, ಭಾರತದವರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. 2023ರ ಜನವರಿಯಲ್ಲಿ ತೀರಿಕೊಂಡರು. ಅಷ್ಟು ದೊಡ್ಡವರು ಬಡವರಿಗೆ ಅಂತ ಒಂದು ಊರನ್ನೇ ಯೋಚಿಸಿದ್ದರು. ಅದೇ ಅರಣ್ಯ.

ಆಟೋ ಇಳಿದಾಗ ನಿಜ ಹೇಳಬೇಕೆಂದರೆ ನಿರಾಸೆಯಾಯಿತು. ಫೋಟೋಗಳಲ್ಲಿ ನೋಡಿದ್ದೇ ಬೇರೆ. ಪುಟ್ಟ ಮನೆಗಳು, ಹೊರಗಡೆಯಿಂದಲೇ ಹತ್ತುವ ಮೆಟ್ಟಿಲು, ಮುದ್ದಾದ ಬಾಲ್ಕನಿ. ಇಲ್ಲಿ ನೋಡಿದರೆ ಮೂರಂತಸ್ತು, ನಾಲ್ಕಂತಸ್ತು, ಮುಂಭಾಗಕ್ಕೆ ಬಾತ್‌ರೂಮ್ ಟೈಲ್ಸು, ಸ್ಟೀಲ್ ಗೇಟು, ಮೊಬೈಲ್ ರಿಪೇರಿ ಅಂಗಡಿ, ಕೋಚಿಂಗ್ ಕ್ಲಾಸಿನ ಬೋರ್ಡು. ದೋಶಿಯವರು ಮಾದರಿಗೆಂದು ಕಟ್ಟಿಸಿದ್ದ 80ರಷ್ಟು ಮನೆಗಳಲ್ಲಿ ಒಂದನ್ನೂ ನನಗೆ ಗುರುತು ಹಿಡಿಯಲಾಗಲಿಲ್ಲ. "ಇದನ್ನ ನೋಡೋಕೆ ಬಂದ್ರಾ ಭಾವ? ನಮ್ಮ ಪೀಣ್ಯದ ಹಿಂದೆ ಇಂಥವು ಎಷ್ಟು ಬೇಕು?"

ಆದರೆ ಹತ್ತು ನಿಮಿಷ ನಡೆದ ಮೇಲೆ ಅವನೇ ನಿಂತ. "ಬಿಸಿಲೇ ತಗಲ್ತಿಲ್ವಲ್ಲ" ಅಂದ. ಹೌದು. ಗಂಟೆ ಹನ್ನೊಂದಾಗಿತ್ತು, ದೊಡ್ಡ ರಸ್ತೆಯಲ್ಲಿ ನಿಲ್ಲುವ ಹಾಗಿರಲಿಲ್ಲ. ಇಲ್ಲಿ ಓಣಿ ಸಣ್ಣದು, ಒಂದು ಮನೆಯ ನೆರಳು ಎದುರಿನ ಮನೆಯ ಮೇಲೆ. ಮನೆಗಳ ಪಕ್ಕದ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಹಾಗಾಗಿ ಅಲ್ಲಿಗೆ ಬಿಸಿಲೇ ಬೀಳುವುದಿಲ್ಲ. ಓಣಿ ನೇರವಾಗಿ ಓಡುವುದಿಲ್ಲ. ಸ್ವಲ್ಪ ಹೋಗಿ, ತಿರುಗಿ, ಒಂದು ಸಣ್ಣ ಅಂಗಳದಂಥ ಜಾಗಕ್ಕೆ ಬಂದು ಬಿಡುತ್ತದೆ. ಅಲ್ಲಿ ಒಂದು ಬೇವಿನ ಮರ, ಅದರಡಿ ತರಕಾರಿ ಗಾಡಿ. ಇನ್ನೊಂದು ಮೂಲೆಯಲ್ಲಿ ಹುಡುಗರ ಕ್ರಿಕೆಟ್. ಲಾರಿ, ಬಸ್ಸು ಈ ಒಳಗಡೆ ನುಗ್ಗಲು ದಾರಿಯೇ ಇಲ್ಲ.

ಕೆಲಸ ಶುರುವಾದದ್ದು 1983ರಲ್ಲಿ, ಮುಗಿದದ್ದು 1989ರಲ್ಲಿ. ಇಂದೋರಿನ ಅಭಿವೃದ್ಧಿ ಪ್ರಾಧಿಕಾರದ ಯೋಜನೆ. ಸುಮಾರು 85 ಹೆಕ್ಟೇರು ಜಾಗ, ಆರು ಭಾಗ, 6,500ರಷ್ಟು ಸೈಟು. ಅದರಲ್ಲಿ 65 ಪರ್ಸೆಂಟು ತೀರಾ ಕಡಿಮೆ ಆದಾಯದವರಿಗೆ. ಅತಿ ಸಣ್ಣ ಸೈಟು 35 ಚದರ ಮೀಟರು. ನಮ್ಮ 20-30 ಸೈಟು ಇದೆಯಲ್ಲ, ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳ್ಳವರ ದೊಡ್ಡ ಸೈಟುಗಳು ಹೊರಗಿನ ರಸ್ತೆಗಳ ಅಂಚಿಗೆ. ಅವನ್ನು ಮಾರಿ ಬಂದ ಲಾಭ ಒಳಗಿನ ಸಣ್ಣ ಸೈಟುಗಳಿಗೆ ಆಸರೆ.

ಮನೆ ಕಟ್ಟಿ ಕೈಗೆ ಬೀಗದ ಕೈ ಕೊಡಲಿಲ್ಲ, ಅದೇ ಇದರ ವಿಶೇಷ. ಕೊಟ್ಟದ್ದು ಪಾಯ, ಒಂದು ಕಕ್ಕಸು, ನೀರಿನ ನಲ್ಲಿ. ಬೇಕೆನ್ನುವವರಿಗೆ ಒಂದು ಕೋಣೆ. ಉಳಿದದ್ದನ್ನು ಅವರವರ ದುಡ್ಡು, ಅವರವರ ಅನುಕೂಲ ನೋಡಿಕೊಂಡು ಕಟ್ಟಿಕೊಳ್ಳಬೇಕು. ಮೊದಲ ಸಲ ಓದಿದಾಗ ಇದೊಂಥರಾ ಕೈತೊಳೆದುಕೊಳ್ಳುವ ಕೆಲಸ ಅನಿಸಿತ್ತು ನನಗೆ. ಭಾವಮೈದ ಮಾತ್ರ ತಕ್ಷಣ ಹಿಡಿದ. "ಕಷ್ಟದ್ದನ್ನೆಲ್ಲ ಅವರೇ ಮಾಡಿಕೊಟ್ಟವ್ರೆ ಭಾವ. ಗೋಡೆ ಯಾರು ಬೇಕಾದ್ರೂ ಎಬ್ಬಿಸ್ತಾರೆ. ನೆಲದ ಕೆಳಗಿನ ಪೈಪು ಒಬ್ಬೊಬ್ಬರೇ ಹಾಕ್ಕೊಳ್ಳೋಕಾಗಲ್ಲ."

ಒಂದು ಜಗಲಿಯ ಮೇಲೆ ಹೆಂಗಸೊಬ್ಬರು ಗೋಧಿ ಕೇರುತ್ತ ಕೂತಿದ್ದರು. ಜಗಲಿಗೆ ಅಲ್ಲಿ ಓಟ್ಲಾ ಅನ್ನುತ್ತಾರೆ. ಇದೂ ನಕ್ಷೆಯಲ್ಲೇ ಇದ್ದದ್ದು. ಕೆಲಸ ಶುರುವಾಗುವ ಮೊದಲು ದೋಶಿಯವರ ತಂಡ ಇಂದೋರಿನ ಗುಡಿಸಲು ಕೇರಿಗಳಲ್ಲಿ ಓಡಾಡಿ, ಜನ ಎಲ್ಲಿ ಕೂರುತ್ತಾರೆ, ಎಲ್ಲಿ ಅಂಗಡಿ ಇಡುತ್ತಾರೆ ಅಂತೆಲ್ಲ ನೋಡಿ ಬರೆದುಕೊಂಡಿತ್ತು. ಬಡವರ ಮನೆಗೆ ರಸ್ತೆಯೂ ಒಂದು ಕೋಣೆ, ಅಲ್ವಾ.

ಭಾವಮೈದ ಮನೆ ಕಟ್ಟುವವನು ಅಂತ ಹೇಳಿದೆ. ಆಕೆ ಸ್ಟೂಲು ತರಿಸಿದರು. "ಬೈಠಿಯೇ ಭೈಯಾ." ಸೈಟು ಸಿಕ್ಕಿದ್ದು ಮಾವನಿಗಂತೆ. ಮೊದಲು ಒಂದೇ ಕೋಣೆ, ಮೇಲೆ ಶೀಟು. ಗಂಡನಿಗೆ ಕೆಲಸವಾದ ಮೇಲೆ ಮೋಲ್ಡ್ ಹಾಕಿಸಿದರು. ಮೆಟ್ಟಿಲು ಹೊರಗಡೆ ಇದ್ದದ್ದರಿಂದ ಮೇಲಿನ ಮನೆ ಬಾಡಿಗೆಗೆ ಕೊಡೋಕೆ ಸಲೀಸಾಯಿತು. ಆ ಬಾಡಿಗೆಯಲ್ಲೇ ಮಗಳ ಓದು. ಮುಂದಿನ ಕೋಣೆಯಲ್ಲಿ ಈಗ ಸೊಸೆಯ ಹೊಲಿಗೆ ಮಿಷನ್ನು. ಎಡಗಡೆ ಮನೆಯವರು ಮಾರಿ ಹೋದರಂತೆ, ಅದನ್ನು ಕೊಂಡವರು ಕಾರು ಇಟ್ಟಿದ್ದಾರೆ. ಕಾರು ನಿಂತಿದ್ದದ್ದು ಎಲ್ಲರೂ ಕೂರುವ ಆ ಅಂಗಳದಲ್ಲೇ. ಅದನ್ನು ಹೇಳುವಾಗ ಆಕೆ ಮೊರವನ್ನು ಸ್ವಲ್ಪ ಜೋರಾಗಿಯೇ ಕುಟ್ಟಿದರು.

60,000 ಜನಕ್ಕೆ ಅಂತ ಹಾಕಿದ ಲೆಕ್ಕ ಈಗ 80,000 ದಾಟಿದೆ. 1995ರಲ್ಲಿ ಈ ಬಡಾವಣೆಗೆ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಕೊಟ್ಟವರು ಇವತ್ತು ಬಂದರೆ ಈ ಸ್ಕೂಟರು, ಕಾರುಗಳ ಗುಂಪು ನೋಡಿ ಏನನ್ನುತ್ತಿದ್ದರೋ. ಮಾರಿ ಹೋದವರೆಲ್ಲ ಸೋತರು ಅಂತ ನಾನು ಹೇಳಲಾರೆ. ಕೈಯಲ್ಲಿ ಮಾರುವಂಥದ್ದೊಂದು ಇತ್ತಲ್ಲ.

ನನಗೆ ನೆನಪಾಗಿದ್ದು ನಮ್ಮ ರಸ್ತೆಯ ಇಸ್ತ್ರಿಯವರು. ಗುಡಿಸಲು ಖಾಲಿ ಮಾಡಿಸಿ ಅವರಿಗೆ ಊರಾಚೆ ಮೂರನೇ ಮಹಡಿಯಲ್ಲಿ ಮನೆ ಕೊಟ್ಟಿದ್ದರು. ಪಕ್ಕಾ ಮನೆ, ಎರಡು ಕೋಣೆ. ಇದ್ದಿಲಿನ ಇಸ್ತ್ರಿಪೆಟ್ಟಿಗೆ, ತಳ್ಳುಗಾಡಿ ಎಲ್ಲಿಡೋದು? ವರ್ಷದೊಳಗೆ ಅದಕ್ಕೆ ಬೀಗ ಜಡಿದು, ವಾಪಸ್ ನಮ್ಮ ಮೂಲೆಯ ಹೊಂಗೆ ಮರದ ಕೆಳಗೆ ಬಂದರು. ರಾತ್ರಿ ಗಾಡಿಯ ಮೇಲೇ ಮಲಗುತ್ತಿದ್ದರು. ಅವರಿಗೆ ಒಂದು ಜಗಲಿ ಸಾಕಾಗಿತ್ತು.

ಮದುವೆ ಮುಗಿಸಿ ಆ ರಾತ್ರಿ ಸರಾಫಾಕ್ಕೂ ಹೋದೆವು. ಹಗಲು ಚಿನ್ನ ಬೆಳ್ಳಿ ಮಾರುವ ಅಂಗಡಿಗಳ ಮೆಟ್ಟಿಲ ಮೇಲೆ ರಾತ್ರಿ ಒಲೆ ಹಚ್ಚುತ್ತಾರೆ. ಮುಸುಕಿನ ಜೋಳ ತುರಿದು ಮಾಡುವ ಕೀಸ್ ತಿನ್ನುತ್ತ ನಿಂತಾಗ ಭಾವಮೈದ ಅಂಗಡಿಯ ಮುಂಚಾಚನ್ನು ಗೇಣು ಹಾಕಿ ಅಳೆಯುತ್ತಿದ್ದ.

ಅದಿರಲಿ. ಬೆಳಿಗ್ಗೆ ಆ ಮನೆಯಿಂದ ಏಳುವ ಮೊದಲು ಆಕೆ ನಮ್ಮನ್ನು ತಾರಸಿಗೂ ಕರೆದುಕೊಂಡು ಹೋದರು. ಕಣ್ಣು ಹಾಯಿಸಿದಷ್ಟೂ ತಾರಸಿಗಳು, ಒಣಗಲು ಹಾಕಿದ ಬಟ್ಟೆ, ನೀರಿನ ಟ್ಯಾಂಕು. ಅವರ ತಾರಸಿಯ ನಾಲ್ಕು ಮೂಲೆಯಲ್ಲೂ ಕಂಬದ ಕಂಬಿಗಳನ್ನು ಆಳೆತ್ತರಕ್ಕೆ ಬಿಟ್ಟಿದ್ದರು. "ಅಗಲೇ ಸಾಲ್" ಅಂದರು ಆಕೆ, ಮುಂದಿನ ವರ್ಷ ಮೇಲೆ ಎತ್ತುತ್ತೇವೆ ಅಂತ. ಎಷ್ಟು ವರ್ಷದಿಂದ ಮುಂದಿನ ವರ್ಷ ಅಂತ ನಾನು ಕೇಳಿದೆ. ಆಕೆ ಜೋರಾಗಿ ನಕ್ಕರು.

ಭಾವಮೈದ ನಗಲಿಲ್ಲ. ಕಂಬಿಯ ಮೇಲೆ ಬೆರಳು ಉಜ್ಜಿ, ಹತ್ತಿದ ಕೆಂಪು ತುಕ್ಕನ್ನು ತೋರಿಸಿದ. ಮಳೆಗೆ ಮೊದಲೇ ಗಟ್ಟಿಯಾಗಿ ಸಿಮೆಂಟು ನೀರು ಬಳಿಯಿರಿ ಅಂತ ತನ್ನ ಮುರುಕು ಹಿಂದಿಯಲ್ಲಿ ಹೇಳಿದ: "ಸಿಮೆಂಟು ಕಾ ಪಾನಿ, ಮಾಜೀ. ಗಾಢಾ. ಬಾರಿಶ್ ಸೇ ಪೆಹಲೇ ಲಗಾನಾ."