ಒಂಬತ್ತನೆಯ ಪ್ರಶ್ನೆ

ಉಡುಪಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಹದಿಹರೆಯದವರ ಆಪ್ತಸಮಾಲೋಚಕಿ. ಕ್ಲಿನಿಕ್ಕಿನ ಹೆಸರು ‘ಸ್ನೇಹ’. ಜಾಗ ಮಾತ್ರ ಬಿ.ಪಿ., ಸಕ್ಕರೆ ಕಾಯಿಲೆಯಂಥ ಅಸಾಂಕ್ರಾಮಿಕ ರೋಗಗಳನ್ನು ನೋಡುವ ಎನ್‌ಸಿಡಿಯವರ ಕೊಠಡಿಯ ಅರ್ಧ, ನಡುವೆ ಒಂದು ಹಸಿರು ಪರದೆ. ಆಚೆ ಬಿ.ಪಿ. ಯಂತ್ರ ಬುಸುಗುಡುತ್ತಿರುತ್ತದೆ, ಈಚೆ ನಾನು ಮಕ್ಕಳಿಗೆ ಮನಸ್ಸು ಬಿಚ್ಚಿ ಮಾತನಾಡು ಎನ್ನುತ್ತಿರುತ್ತೇನೆ.

ಜುಲೈ ತಿಂಗಳ ಒಂದು ಬುಧವಾರ. ದ್ವಿತೀಯ ಪಿಯುಸಿಯ ಹುಡುಗಿಯೊಬ್ಬಳನ್ನು ಅಮ್ಮ ಕರೆತಂದಿದ್ದರು. ತರಗತಿಯಲ್ಲಿ ಗಮನವಿಲ್ಲ ಎಂದು ಉಪನ್ಯಾಸಕರು ಕಳುಹಿಸಿದ್ದಂತೆ. ಅಮ್ಮನನ್ನು ಹೊರಗೆ ಕೂರಿಸಿ ಮಾತನಾಡುವುದು ನಮ್ಮ ಮೊದಲ ಪಾಠ. ಆದರೆ ಹೊರಗೆ ಜಗುಲಿ ಸೋರುತ್ತಿತ್ತು, ಅವರ ಕೈಯಲ್ಲಿ ಬೀಡಿ ಕಂಪನಿಯ ಬ್ರಾಂಚಿಗೆ ಕೊಡಬೇಕಾದ ಬೀಡಿಯ ಚೀಲ. ಅದು ಒದ್ದೆಯಾದರೆ ಆ ದಿನದ ದುಡಿಮೆಯೇ ಹೋಯಿತು. ಎದ್ದು ಹೋಗಿ ಎನ್ನಲು ನಾಲಗೆ ಏಳಲಿಲ್ಲ.

ಖಿನ್ನತೆ ಎಷ್ಟಿದೆ ಎಂದು ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ, ಪಿಎಚ್‌ಕ್ಯೂ-9, ಶುರು ಮಾಡಿದೆ. ನಿದ್ರೆ, ಹಸಿವು, ಸುಸ್ತು ಎಲ್ಲದಕ್ಕೂ ಅರ್ಧ ಉತ್ತರ ಅಮ್ಮನದೇ. ಒಂಬತ್ತನೆಯದು ಬಂತು: ಸತ್ತರೆ ಒಳ್ಳೆಯದು, ಅಥವಾ ತನಗೆ ತಾನೇ ಏನಾದರೂ ಮಾಡಿಕೊಳ್ಳಬೇಕು ಎಂಬ ಯೋಚನೆ ಕಳೆದ ಎರಡು ವಾರಗಳಲ್ಲಿ ಬಂದಿದೆಯೇ? ಹುಡುಗಿ ಬೀಡಿಯ ಚೀಲವನ್ನೇ ನೋಡುತ್ತ “ಇಲ್ಲ” ಎಂದಳು. ಸೊನ್ನೆ ಹಾಕಿದೆ. ಒಟ್ಟು ಎಂಟು, ಅಂದರೆ ‘ಅಲ್ಪ’. ಎರಡು ವಾರ ಬಿಟ್ಟು ಬಾ ಎಂದು ಕಳುಹಿಸಿದೆ.

ಸಂಜೆ ನಾಲ್ಕೂಮುಕ್ಕಾಲಕ್ಕೆ ಆ್ಯಪ್‌ನೊಂದಿಗೆ ಗುದ್ದಾಡುತ್ತಿದ್ದೆ. ಐದರೊಳಗೆ ದಿನದ ಎಂಟ್ರಿ ಮುಗಿಯದಿದ್ದರೆ ಮರುದಿನ ಗ್ರೂಪಿನಲ್ಲಿ ನಮ್ಮ ಆಸ್ಪತ್ರೆಯ ಹೆಸರು ಕೆಂಪು ಅಕ್ಷರದಲ್ಲಿ ಬರುತ್ತದೆ. ಪರದೆ ಸರಿಯಿತು. ಅದೇ ಹುಡುಗಿ, ಒಬ್ಬಳೇ. ಕೊಡೆ ಮರೆತು ಹೋಗಿದ್ದೆ ಎಂದಳು. ಜುಲೈ ಮಳೆಯಲ್ಲಿ ಕೊಡೆ ಮರೆತು ಹೋಗುವವರು ಯಾರು ಎಂದು ನನಗೆ ಹೊಳೆಯಲೇ ಇಲ್ಲ. ಮೂಲೆಯತ್ತ ಕೈ ತೋರಿಸಿದೆ. ಕೊಡೆ ತೆಗೆದುಕೊಂಡು ನಿಂತೇ ಇದ್ದಳು.

“ಅಕ್ಕ, ಕೊನೆಯ ಪ್ರಶ್ನೆಗೆ ಉತ್ತರ ಬದಲಿಸಬಹುದಾ?”

ಚಕ್ರ ತಿರುಗುತ್ತಿದ್ದ ಮೊಬೈಲಿನಿಂದ ಕಣ್ಣೆತ್ತದೆ ಹೇಳಿದೆ: “ಇನ್ನು ಆಗುವುದಿಲ್ಲಮ್ಮ, ಸಬ್‌ಮಿಟ್ ಆಗಿದೆ.”

“ಸರಿ” ಎಂದು ಹೋದಳು. ಚಕ್ರ ನಿಂತು ಹಸಿರು ಗುರುತು ಬಿದ್ದಾಗ ನಾನು ಆಡಿದ ಮಾತು ನನ್ನ ಕಿವಿಗೆ ಬಿತ್ತು. ಹನ್ನೊಂದು ವರ್ಷದ ನೌಕರಿ, ಆತ್ಮಹತ್ಯೆ ತಡೆಯ ಬಗ್ಗೆ ಊರೂರಿನ ಶಾಲೆಗಳಲ್ಲಿ ಭಾಷಣ, ಮತ್ತು ಈ ಉತ್ತರ.

ಚಪ್ಪಲಿ ಹಾಕಿಕೊಳ್ಳಲೂ ನಿಲ್ಲಲಿಲ್ಲ. ಔಷಧದ ಕೌಂಟರಿನ ಎದುರು ಇಲ್ಲ, ಗೇಟಿನಲ್ಲಿ ಇಲ್ಲ. ರಸ್ತೆಯಾಚೆಯ ನಿಲ್ದಾಣದಲ್ಲಿ ಎಲ್ಲವೂ ಕಪ್ಪು ಕೊಡೆಗಳೇ. ಒಂದು ಎಕ್ಸ್‌ಪ್ರೆಸ್ ಬಂದು ನಿಂತಿತು, ಕಂಡಕ್ಟರ್ ಸೀಟಿ ಊದಿದ, ಹೊರಟೂ ಹೋಯಿತು. ಆ ಬಸ್ಸಿನಲ್ಲಿ ಆಕೆ ಹತ್ತಿರಬಹುದು ಎಂದುಕೊಂಡು ಅದರ ಹಿಂದೆ ಹತ್ತು ಹೆಜ್ಜೆ ಓಡಿದೆ ಕೂಡ. ತಿರುಗಿ ನೋಡಿದರೆ ಜೆರಾಕ್ಸ್ ಅಂಗಡಿಯ ಮಾಡಿನಡಿ ನಿಂತಿದ್ದಾಳೆ, ಕೊಡೆ ಬಿಚ್ಚಿಯೇ ಇಲ್ಲ.

“ದಾದ ಆಂಡ್?” ಎಂದೆ, ಏನಾಯಿತು ಎಂದು. ಬೆಳಿಗ್ಗೆ ಪುಸ್ತಕದ ಕನ್ನಡದಲ್ಲಿ ಒಂಬತ್ತು ಪ್ರಶ್ನೆ ಕೇಳಿದವಳಿಗೆ ಆಕೆಯ ಮನೆಮಾತು ತುಳು ಎಂಬುದು ಆಗ ನೆನಪಾಯಿತು. ಅಳುತ್ತಲೇ ಮಾತನಾಡಿದಳು. ಸಾಯುವ ಯೋಚನೆ ಬರುತ್ತದೆಯೇ, ಹೇಗೆ ಎಂದೂ ಯೋಚಿಸಿದ್ದೀಯಾ, ಇವತ್ತು ರಾತ್ರಿ ಹೇಗಿರುತ್ತೀ ಎಂದು ಸುತ್ತು ಬಳಸದೆ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಅಂಜುವವರು ನಮ್ಮ ವಾರ್ಡಿನಲ್ಲೇ ಇದ್ದಾರೆ. ಹುಟ್ಟುವುದಿಲ್ಲ. ಕೇಳಿದ ಮೇಲೆ ಆಕೆಯ ಭುಜ ಇಳಿದದ್ದನ್ನು ನಾನು ಕಂಡೆ.

“ಅಮ್ಮನಿಗೆ ಹೇಳಬೇಡಿ.” ಆಯಿತು ಎನ್ನುವ ಮಾತು ತುಟಿಯವರೆಗೆ ಬಂದಿತ್ತು, ನುಂಗಿಕೊಂಡೆ. ಹದಿನೇಳು ವರ್ಷದವಳು, ಜೀವದ ಪ್ರಶ್ನೆ. “ಹೇಳಲೇಬೇಕು. ಹೇಗೆ ಹೇಳಬೇಕು ಎಂದು ನೀನು ಹೇಳಿಕೊಡು” ಎಂದೆ. ನೀಟ್ ಕೋಚಿಂಗ್‌ಗೆ ಅಡವಿಟ್ಟ ಬಳೆಯ ಮಾತು ಮಾತ್ರ ಎತ್ತಬೇಡಿ ಎಂದಳು. ಎತ್ತಲಿಲ್ಲ.

ಮನೋವೈದ್ಯರು ಬರುವುದು ಮಂಗಳವಾರ, ಅಂದರೆ ಹಿಂದಿನ ದಿನವೇ ಬಂದು ಹೋಗಿದ್ದರು. ಬುಧವಾರದ ಸಂಕಟಕ್ಕೆ ಆರು ದಿನ ಕಾಯುವ ಅಭ್ಯಾಸವಿಲ್ಲ. ಅಂಗಡಿಯ ಮಾಡಿನಡಿಯಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ ಆಕೆಯ ಕೈಗೆ ಫೋನ್ ಕೊಟ್ಟೆ. 2022ರ ಅಕ್ಟೋಬರಿನಲ್ಲಿ ಅದು ಆರಂಭವಾದಾಗ ಗೋಡೆಗೆ ಪೋಸ್ಟರ್ ಅಂಟಿಸಿದ್ದೆನೇ ಹೊರತು ನಾನಾಗಿ ಡಯಲ್ ಮಾಡಿದ್ದು ಅದೇ ಮೊದಲು. ಅಮ್ಮ ಆಟೋದಲ್ಲಿ ಬಂದರು. ಮನೆಯಲ್ಲಿ ಏನೇನನ್ನು ಬೀಗದೊಳಗೆ ಇಡಬೇಕು, ರಾತ್ರಿ ಯಾರು ಜೊತೆಗೆ ಮಲಗಬೇಕು ಎಂದು ಹೇಳಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ (ಡಿಎಂಎಚ್‌ಪಿ) ವೈದ್ಯರೊಂದಿಗೆ ಮಾತನಾಡಿ, ಬೆಳಿಗ್ಗೆ ಮೊದಲ ಬಸ್ಸಿಗೆ ಮೂವರೂ ಜಿಲ್ಲಾ ಆಸ್ಪತ್ರೆಗೆ ಹೊರಟೆವು.

ಒಟ್ಟು ಎಷ್ಟೇ ಬರಲಿ, ಒಂಬತ್ತನೆಯದನ್ನು ಬೇರೆಯಾಗಿಯೇ ನೋಡಬೇಕೆಂದು ತರಬೇತಿಯಲ್ಲಿ ಹೇಳಿದ್ದರು. ನಾನು ನೋಡಿದ್ದೆ, ಸೊನ್ನೆ ಇತ್ತು. ಈಗ ಅದನ್ನು ಕಡೆಗೆ ಇನ್ನೊಮ್ಮೆ, ಫಾರಂ ಮಡಚಿಟ್ಟು ಕೇಳುತ್ತೇನೆ. ಎನ್‌ಸಿಡಿ ಸಿಸ್ಟರ್ ಆ ಐದು ನಿಮಿಷ ಚಹಾಕ್ಕೆ ಹೋಗುತ್ತಾರೆ. ಬೇರೆ ಕೊಠಡಿಗಾಗಿ ಬರೆದ ಪತ್ರ ಯಾವ ಮೇಜಿನ ಮೇಲಿದೆಯೋ.

ಹುಡುಗಿ ತಿಂಗಳಿಗೊಮ್ಮೆ ಮಂಗಳವಾರ ಬರುತ್ತಾಳೆ. ಅಮ್ಮ ಹೇಳಿಸಿಕೊಳ್ಳದೆಯೇ ಜಗುಲಿಯಲ್ಲಿ ಕೂರುತ್ತಾರೆ, ಬೀಡಿಯ ಚೀಲ ನನ್ನ ಮೇಜಿನ ಮೇಲೆ. ಆ್ಯಪ್‌ನಲ್ಲಿ ಆ ಬುಧವಾರದ ಸಾಲಿನಲ್ಲಿ ಇಂದಿಗೂ ಸೊನ್ನೆಯೇ ಇದೆ. ತಿದ್ದಲು ಅವಕಾಶ ಕೊಡಿ ಎಂದು ಎರಡು ಬಾರಿ ಬರೆದೆ. ‘ನಿಮ್ಮ ಸಮಸ್ಯೆ ಪರಿಹಾರವಾಗಿದೆ’ ಎಂಬ ಉತ್ತರ ಬಂದಿದೆ.