“ಎಷ್ಟು ಲ್ಯೂಮೆನ್?” ಎಂದು ಕೇಳುವವರಿಗೆ

“ಡೈವಿಂಗಿಗೆ ಒಂದು ಟಾರ್ಚ್ ತಗೋಬೇಕು, ಎಷ್ಟು ಲ್ಯೂಮೆನ್ ಇದ್ರೆ ಒಳ್ಳೇದು?” ದೋಣಿಯಲ್ಲಿ, ಫೋನಿನಲ್ಲಿ, ಫಿನ್ಸ್ ತೊಟ್ಟು ನೀರಿಗೆ ಹಾರುವ ಗಳಿಗೆಯಲ್ಲಿ ಕೂಡ ಇದಕ್ಕೆ ಉತ್ತರ ಹೇಳಿದ್ದೇನೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳಿಸುತ್ತೇನೆ.

ಲ್ಯೂಮೆನ್ ಎಂದರೆ ಟಾರ್ಚಿನಿಂದ ಹೊರಬೀಳುವ ಒಟ್ಟು ಬೆಳಕು, ಅಷ್ಟೇ. ಅದು ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ಆ ಸಂಖ್ಯೆ ಹೇಳುವುದೇ ಇಲ್ಲ. ಗಿಡಕ್ಕೆ ನೀರು ಬಿಡುವ ಪೈಪನ್ನು ನೆನೆಸಿಕೊಳ್ಳಿ. ಸುಮ್ಮನೆ ಹಿಡಿದರೆ ನೀರು ಕಾಲಬುಡದಲ್ಲೇ ಬೀಳುತ್ತದೆ. ಬಾಯಿಗೆ ಹೆಬ್ಬೆರಳು ಒತ್ತಿದರೆ ಬೇಲಿಯಾಚೆಗೆ ಚಿಮ್ಮುತ್ತದೆ. 1000 ಲ್ಯೂಮೆನ್ ಬೆಳಕನ್ನು 120 ಡಿಗ್ರಿ ಅಗಲಕ್ಕೆ ಹರಡುವ ಟಾರ್ಚೂ ಇದೆ, 10 ಡಿಗ್ರಿಯೊಳಗೆ ಕೂಡಿಹಾಕುವ ಟಾರ್ಚೂ ಇದೆ. ಕೋನದೊಳಗೆ ಬೆಳಕು ಸಮನಾಗಿ ಹಂಚಿಹೋಗಿದೆ ಎಂದು ಇಟ್ಟುಕೊಂಡು ಲೆಕ್ಕ ಹಾಕಿ: ಎರಡರ ತೀಕ್ಷ್ಣತೆಗೆ ನೂರು ಪಟ್ಟಿಗೂ ಮಿಕ್ಕಿದ ಅಂತರ. ಪೆಟ್ಟಿಗೆಯ ಮೇಲೆ ಮಾತ್ರ ಎರಡಕ್ಕೂ ಒಂದೇ ಅಂಕಿ. ತೀಕ್ಷ್ಣತೆಯನ್ನು ಅಳೆಯುವುದು ಕ್ಯಾಂಡೆಲಾದಲ್ಲಿ. ಅದನ್ನು ಹುಡುಕಿ, ಕೋನವನ್ನು ಹುಡುಕಿ, ಆಮೇಲೆ ಲ್ಯೂಮೆನ್ ನೋಡಿ.

ಅಗಲ ಬೆಳಕು ವಿಡಿಯೊ ತೆಗೆಯುವವರಿಗೆ ಬೇಕು, ಅದೂ ತಿಳಿನೀರಿನಲ್ಲಿ. ನೀರು ಮಬ್ಬಾಗಿದ್ದರೆ ತೇಲುವ ಪ್ರತಿಯೊಂದು ಕಣವೂ ಬೆಳಕನ್ನು ನಿಮ್ಮ ಕಣ್ಣಿಗೇ ತಿರುಗಿಸಿ ಎಸೆಯುತ್ತದೆ. ಮಂಜಿನಲ್ಲಿ ಹೈಬೀಮ್ ಹಾಕಿ ಗಾಡಿ ಓಡಿಸಿದವರಿಗೆ ಇದು ಗೊತ್ತು: ಬೆಳಕು ಹೆಚ್ಚಿದಷ್ಟೂ ಬಿಳಿಗೋಡೆ ದಪ್ಪವಾಗುತ್ತದೆ. ಅಂಥಲ್ಲಿ ಕಿರಿದಾದ ಕಿರಣವೇ ಸೀಳಿಕೊಂಡು ಮುಂದೆ ಹೋಗುವುದು.

ಹಗಲಲ್ಲಿ ಟಾರ್ಚ್ ಯಾಕೆ ಎನ್ನುವವರಿಗೂ ಒಂದು ಮಾತು. ನೀರು ಮೊದಲು ಹೀರಿಕೊಳ್ಳುವುದು ಕೆಂಪನ್ನು. 20 ಮೀಟರ್ ಇಳಿಯುವಷ್ಟರಲ್ಲಿ ಕಡುಗೆಂಪು ಹವಳ ಬೂದುಬಣ್ಣಕ್ಕೆ ತಿರುಗಿರುತ್ತದೆ. ಬೆರಳು ಕೊಯ್ದುಕೊಂಡರೆ ರಕ್ತ ಹಸಿರುಗಪ್ಪಾಗಿ ಕಾಣುತ್ತದೆ. ಹತ್ತಿರದಿಂದ ಟಾರ್ಚ್ ಬಿಟ್ಟ ಕ್ಷಣವೇ ಬಣ್ಣ ವಾಪಸ್ಸು. ದೂರದಿಂದ ಬಿಟ್ಟರೆ ಬರುವುದಿಲ್ಲ, ಏಕೆಂದರೆ ಟಾರ್ಚಿನ ಕೆಂಪನ್ನೂ ನೀರು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹೀರುತ್ತದೆ. ಮೊದಲ ಸಲ ಇದನ್ನು ಕಂಡಾಗ ಒಂದೇ ಹವಳದ ಮುಂದೆ ಟಾರ್ಚ್ ಹೊತ್ತಿಸುತ್ತ ಆರಿಸುತ್ತ ನಿಂತುಬಿಟ್ಟಿದ್ದೆ.

ನಿಜ ಹೇಳಬೇಕೆಂದರೆ ಲ್ಯೂಮೆನ್ ಬಗ್ಗೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಪ್ರಶ್ನೆಯ ಶುರುವಿಗೇ ಬರುವ “ಒಂದು ಟಾರ್ಚ್” ಇದೆಯಲ್ಲ, ಚುಚ್ಚುವುದು ಅದು. ನಾನೂ ಒಂದೇ ಟಾರ್ಚ್ ಹಿಡಿದು ಇಳಿದವನು.

ರಾತ್ರಿ ಡೈವ್, 16 ಮೀಟರ್ ಆಳ. ಹೊಸ ಟಾರ್ಚ್, ಹಿಂದಿನ ದಿನವಷ್ಟೇ ಚಾರ್ಜ್ ಮಾಡಿದ್ದು. ಬಂಡೆಯ ಸಂದಿನಲ್ಲಿ ಮಲಗಿದ್ದ ಮೀನನ್ನು ನೋಡುತ್ತಿದ್ದಾಗ ಬೆಳಕು ಎರಡು ಸಲ ಮಿಣುಕಿತು, ಹಳದಿಯಾಯಿತು, ಆರಿತು. ಜೊತೆಗಾರ ಬಂಡೆಯ ಆ ಬದಿಯಲ್ಲಿದ್ದ. ಆಳ, ಹೊತ್ತು ತೋರಿಸುವ ನನ್ನ ಡೈವ್ ಕಂಪ್ಯೂಟರಿನ ಪರದೆಯ ಮಸುಕು ಬೆಳಕು ಬಿಟ್ಟರೆ ಸುತ್ತ ಏನೂ ಇರಲಿಲ್ಲ. ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಎಂದು ತೋರಿಸುವ ಮುಳ್ಳು ಕಾಣಲಿಲ್ಲ. ನನ್ನ ಕೈ ನನಗೇ ಕಾಣಲಿಲ್ಲ. ಉಸಿರಿನ ಸದ್ದು ಮಾತ್ರ ಜೋರಾಗುತ್ತ ಹೋಯಿತು. ಬಂಡೆಯನ್ನು ಬಿಡಬಾರದು ಎಂದಷ್ಟೇ ಹೊಳೆಯಿತು, ಹಿಡಿದು ನಿಂತೆ. ಎಷ್ಟು ಹೊತ್ತೋ. ನನ್ನ ಬೆಳಕು ಕಾಣದೆ ಅವನು ತಿರುಗಿ ಬಂದ. ಭುಜದ ಪಟ್ಟಿಗೆ ಸಿಕ್ಕಿಸಿಕೊಂಡಿದ್ದ ಹೆಬ್ಬೆರಳು ಗಾತ್ರದ ಇನ್ನೊಂದು ಟಾರ್ಚನ್ನು ಬಿಚ್ಚಿ, ಹೊತ್ತಿಸಿ, ನನ್ನ ಕೈಗಿಟ್ಟ. ಅದಕ್ಕೆ ಎಷ್ಟು ಲ್ಯೂಮೆನ್ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ.

ದಡಕ್ಕೆ ಬಂದ ಮೇಲೆ ಬಿಚ್ಚಿ ನೋಡಿದರೆ ಓ-ರಿಂಗಿನ ಮೇಲೆ ಅಡ್ಡಲಾಗಿ ಒಂದು ತಲೆಗೂದಲು. ಅಷ್ಟೇ ದಾರಿ ಸಾಕಾಗಿತ್ತು ನೀರಿಗೆ. ತಪ್ಪು ನನ್ನದೇ, ಮುಚ್ಚುವ ಮುನ್ನ ಆ ರಬ್ಬರ್ ಬಳೆಯನ್ನು ಬೆರಳಿನಿಂದ ಸುತ್ತ ಸವರಿ ನೋಡಿರಲಿಲ್ಲ. ಅದಕ್ಕೆ ಹಚ್ಚುವ ಗ್ರೀಸ್ ಹೊಳಪು ಬರುವಷ್ಟಿದ್ದರೆ ಸಾಕು, ಮೆತ್ತಿದರೆ ಮರಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಇನ್ನೊಂದು: ನೀರು ನುಗ್ಗಿದ ಟಾರ್ಚನ್ನು ಮುಖದ ಎದುರು ಹಿಡಿದು ಬಿಚ್ಚಬೇಡಿ. ಬ್ಯಾಟರಿಯಿಂದ ಹುಟ್ಟಿದ ಅನಿಲ ಒಳಗೆ ಒತ್ತಿಕೊಂಡಿರಬಹುದು, ಮುಚ್ಚಳ ಸಿಡಿಯುತ್ತದೆ. ಅಂದು ನಾನು ಅದನ್ನೂ ತಿಳಿಯದೆ ಬಿಚ್ಚಿದ್ದೆ.

ಆದ್ದರಿಂದ ನನ್ನನ್ನು ಕೇಳುವುದಾದರೆ ಇದನ್ನು ಕೇಳಿ: ಎರಡನೆಯ ಟಾರ್ಚ್ ಯಾವುದಿರಬೇಕು? ಇದಕ್ಕೆ ಎಷ್ಟು ಹೊತ್ತು ಬೇಕಾದರೂ ಕೂತು ಉತ್ತರ ಹೇಳುತ್ತೇನೆ.

ಹಳೆಯದಾಯಿತೆಂದು ಮೂಲೆಗೆ ತಳ್ಳಿದ ಟಾರ್ಚನ್ನು ಎರಡನೆಯದು ಮಾಡಿಕೊಳ್ಳಬೇಡಿ. ಅದು ಬೇಕಾಗುವುದೇ ಮೊದಲನೆಯದು ಕೈಕೊಟ್ಟಾಗ. ಚಿಕ್ಕದಿರಲಿ, ಕಿರಿದಾದ ಕಿರಣವಿರಲಿ, ಹೊತ್ತುವುದು ಆರುವುದು ಬಿಟ್ಟರೆ ಬೇರೆ ಯಾವ ಆಟವೂ ಬೇಡ. ಮೂರು ಸಲ ಒತ್ತಿದರೆ ಮಿಣುಕುವ ಸ್ವಿಚ್ಚು ಹೆದರಿದ ಕೈಗೆ ಆಗಿಬರುವುದಿಲ್ಲ. ಎರಡೂ ಕೈಗೆ ಎಟಕುವ ಕಡೆ ಸಿಕ್ಕಿಸಿಕೊಳ್ಳಿ. ಗುಹೆಯೊಳಗೆ ಹೋಗುವವರು ಒಂದು ದೊಡ್ಡದು, ಮೀಸಲಿಗೆ ಎರಡು, ಒಟ್ಟು ಮೂರು ಒಯ್ಯುತ್ತಾರೆ, ಅಲ್ಲಿ ನೆತ್ತಿಯ ಮೇಲೆ ಕಲ್ಲಿನ ಚಾವಣಿ ಇರುವುದರಿಂದ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ನೀರನ್ನು ಎಷ್ಟು ತಡೆಯುತ್ತದೆ ಎಂದು ಸೂಚಿಸುವ ಐಪಿಎಕ್ಸ್8 ಎಂಬ ಗುರುತು ಬರೆದಿದೆ ಎಂದ ಮಾತ್ರಕ್ಕೆ ಡೈವಿಂಗಿಗೆ ಬರುತ್ತದೆ ಎಂದಲ್ಲ; ಎಷ್ಟು ಆಳ ಎನ್ನುವುದನ್ನು ತಯಾರಕರೇ ಹೇಳಬೇಕು, ಆ ಮೀಟರ್ ಓದಿ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. “ಇಷ್ಟು ಗಂಟೆ ಉರಿಯುತ್ತದೆ” ಎನ್ನುವುದನ್ನೂ ಹಾಗೇ ನಂಬಬೇಡಿ. ಎಎನ್‌ಎಸ್‌ಐ ಎಫ್‌ಎಲ್1 ಎಂಬ ಮಾನದಂಡದಲ್ಲಿ ಬೆಳಕು ಶುರುವಿನ ಶೇ. 10ಕ್ಕೆ ಇಳಿಯುವ ತನಕ ಆ ಗಂಟೆಗಳ ಎಣಿಕೆ ನಡೆಯುತ್ತದೆ. ಕೊನೆಯ ಗಂಟೆ ಹೆಸರಿಗೆ ಮಾತ್ರ ಇರಬಹುದು.

ನೀರಿಗಿಳಿಯುವ ಮುನ್ನ ಎರಡನ್ನೂ ಒಮ್ಮೆ ಹೊತ್ತಿಸಿ ಆರಿಸಿ. ಉರಿಸುತ್ತಲೇ ಇರಬೇಡಿ, ದೊಡ್ಡ ಎಲ್‌ಇಡಿಗಳಿಗೆ ತಂಪು ಕೊಡುವುದು ನೀರೇ. ಎರಡನೆಯದನ್ನು ಎಲ್ಲಿ ಸಿಕ್ಕಿಸಿಕೊಂಡಿದ್ದೀರೆಂದು ಜೊತೆಗಾರರಿಗೂ ತೋರಿಸಿ, ಅವರದು ಎಲ್ಲಿದೆ ಎಂದು ನೀವೂ ಮುಟ್ಟಿ ನೋಡಿಕೊಳ್ಳಿ.